ನೆಟ್ಟಣದ ಚೈನೀಸ್ ಕ್ಯಾಂಪಿನಲ್ಲಿ ವಿಸಿಲ್ ಊದಿದ ಮೂರು ಬೇಸಿಗೆ

ನಾನು ನಿವೃತ್ತನಾಗುವಾಗ ನನಗೆ ಹದಿನೇಳು ವರ್ಷ. ನಗ್ಬೇಡಿ. ಗಂಟಲು ಹೋಗಿದೆ, ಸೊಂಟ ಹಿಡಿದಿದೆ, ಸಣ್ಣ ಮಕ್ಕಳು ಗುಂಪಾಗಿ ಬರುದು ಕಂಡ್ರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಅಭ್ಯಾಸ ಆಗಿದೆ. ನಿವೃತ್ತಿಗೆ ಇದಕ್ಕಿಂತ ಹೆಚ್ಚು ಎಂತ ಬೇಕು?

ಮೊನ್ನೆ ಪೆರಾಬೆಯ ನಮ್ಮ ಮನೆಗೆ ಇಬ್ರು ಹತ್ತನೇ ಕ್ಲಾಸಿನ ಹುಡುಗ್ರು ಬಂದಿದ್ರು. ಈ ಸಲದ ಕ್ಯಾಂಪಿಗೆ ನನ್ನ ಜಾಗಕ್ಕೆ ಸೇರಿದವರಂತೆ. "ಅಣ್ಣ, ಕೆಲಸ ಎಂತ ಇರ್ತದೆ? ಸುಲಭವಾ?" ಕೇಳಿದ್ರು. ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟೆ. ಒಳಗಿಂದ ಅಮ್ಮ, "ಅವನಿಗೆ ಎಂತದೂ ಆಗಿಲ್ಲ ಮಕ್ಳೇ, ನೀವು ಹೆದರ್ಬೇಡಿ" ಹೇಳಿದ್ರು. ಅವತ್ತು ಬಾಯಲ್ಲಿ ಹೇಳ್ಲಿಕ್ಕೆ ಆಗದ್ದನ್ನು ಇಲ್ಲಿ ಬರೀತಾ ಇದ್ದೇನೆ.

ಅದು ಮಕ್ಕಳಿಗೆ ಮ್ಯಾಂಡರಿನ್ ಕಲಿಸುವ ಬೇಸಿಗೆ ಕ್ಯಾಂಪ್. ಮ್ಯಾಂಡರಿನ್ ಹೇಳಿದ್ರೆ ಚೀನಾದವರ ಭಾಷೆ. ನೆಟ್ಟಣದ ರೈಲ್ವೆ ಸ್ಟೇಷನ್ನಿಂದ ಸ್ವಲ್ಪ ಒಳಗೆ ಒಂದು ಶಾಲೆಯ ಹಾಸ್ಟೆಲ್ ಉಂಟು, ರಜೆಯಲ್ಲಿ ಖಾಲಿ ಬಿದ್ದಿರ್ತದೆ. ಅದನ್ನು ಬಾಡಿಗೆಗೆ ಹಿಡಿದು ನಡೆಸುದು ದಿವಾಕರ ಸರ್. ಸುಳ್ಯದವರು, ಚೀನಾದ ಟೈಲ್ಸ್ ಫ್ಯಾಕ್ಟರಿಯಲ್ಲಿ ಸುಮಾರು ವರ್ಷ ಇದ್ದು ಬಂದವರು. ಮಕ್ಕಳು ಬರುದು ದುಬೈ, ಬಹರೈನ್, ಸಿಂಗಾಪುರ, ಮಲೇಷ್ಯಾದಿಂದ. ಪುತ್ತೂರು, ಸುಳ್ಯ, ಕಡಬದಲ್ಲಿರುವ ಅಜ್ಜಿ ಮನೆಗೆ ರಜೆಗೆ ಬರ್ತಾರೆ. ಒಂದು ವಾರದಲ್ಲಿ ಆ ಮನೆಯ ಟಿವಿ, ಫ್ರಿಜ್, ನಾಯಿ ಮೂರನ್ನೂ ಹಾಳು ಮಾಡ್ತಾರೆ. ಆಮೇಲೆ ಮನೆಯವರು ಕೈಮುಗಿದು ಇಲ್ಲಿಗೆ ತಂದು ಬಿಡ್ತಾರೆ. ಚೀನಾದ ಸಂಸ್ಕೃತಿ ಮೇಲಿನ ಪ್ರೀತಿ ಅಂತ ಸರ್ ಭಾಷಣದಲ್ಲಿ ಹೇಳುದು. ಅಜ್ಜಿಯಂದಿರ ಮುಖ ನೋಡಿದವನು ನಾನು.

ನಾನು ಸೇರಿದ್ದು ಹೇಗೆ ಅಂದ್ರೆ, ಅಪ್ಪನದ್ದು ಕಡಬದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮೊದಲ ವರ್ಷ ಉದ್ಘಾಟನೆಗೆ ಮೈಕ್ ತಗೊಂಡು ಹೋದೆ. ಸಂಜೆ ಮೈಕ್ ಮಾತ್ರ ವಾಪಸ್ ಬಂತು.

ನನ್ನ ಮೊದಲ ಕೆಲಸ ಸ್ಟೇಷನ್ನಿನಲ್ಲಿ ಬೋರ್ಡ್ ಹಿಡಿಯುದು. ಕೆಂಪು ಬೋರ್ಡ್, ಅದರಲ್ಲಿ ಹಳದಿಯಲ್ಲಿ ನಾಲ್ಕು ಚೀನೀ ಅಕ್ಷರ. ರೈಲಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತರು ಇಳಿದು ನೇರ ನನ್ನ ಹತ್ರ ಬರುದು. "ರೂಮ್ ಉಂಟಾ? ಬಿಸಿನೀರು ಬರ್ತದಾ?" ನಾನು ಲಾಡ್ಜಿನವನು ಅಂತ ಅವರ ಲೆಕ್ಕ. ಇಲ್ಲ ಮಾರಾಯ್ರೆ, ಇದು ಚೈನೀಸ್ ಕ್ಯಾಂಪ್ ಅಂತ ಹೇಳಿದ್ರೆ, "ಹಾಗಾದ್ರೆ ಊಟ ಸಿಗ್ತದಲ್ಲ?" ಕೇಳುದು. ಒಂದು ಕುಟುಂಬ ನನ್ನ ಹಿಂದೆ ಹಾಸ್ಟೆಲಿನ ಗೇಟಿನವರೆಗೂ ನಡ್ಕೊಂಡು ಬಂದಿದೆ. ಅವರಲ್ಲಿ ಒಬ್ಬರು ಕ್ಲಾಸಿನಲ್ಲೂ ಕೂತಿದ್ರು ಅಂತ ನಾನು ಹೇಳುದುಂಟು. ಅದು ಪೂರ್ತಿ ನಿಜ ಅಲ್ಲ, ಅವರು ಜಗಲಿಯಲ್ಲಿ ಕೂತದ್ದು.

ಅಡಿಗೆಗೆ ಕಡಬದ ಬಾಬಣ್ಣ. ಸರ್ ಅವರಿಗೆ ಮೊಬೈಲಿನಲ್ಲಿ ಚೀನಾದ ಅಕ್ಕಿ ನೂಡಲ್ಸ್ ತೋರಿಸಿ, "ಇದು ಮಾಡ್ಬೇಕು ಬಾಬಣ್ಣ" ಹೇಳಿದ್ರು. ಬಾಬಣ್ಣ ಕನ್ನಡಕ ಹಾಕಿ ನೋಡಿ, "ಇದು ಸೇಮಿಗೆ ಅಲ್ವಾ ಸರ್?" ಕೇಳಿದ್ರು. ಸರ್ ಸ್ವಲ್ಪ ಹೊತ್ತು ಅಲ್ಲ ಅಂತ ವಾದ ಮಾಡಿದ್ರು. ಮರುದಿನದಿಂದ ನಮ್ಮ ಸೇಮಿಗೆ ಒತ್ತುವ ಮರದ ಮಣೆಯಲ್ಲೇ ಚೀನಾದ ನೂಡಲ್ಸ್ ಇಳೀಲಿಕ್ಕೆ ಶುರುವಾಯ್ತು. ಒತ್ತುದು ಯಾರು? ನಾನು. ನನ್ನ ಸೊಂಟದ ಕಥೆ ಅಲ್ಲಿಂದ ಪ್ರಾರಂಭ. ಅದಕ್ಕೆ ಕಾಯಿಹಾಲು ಕೊಡ್ಲಿಕ್ಕಿಲ್ಲ ಅಂತ ಸರ್ ಕಟ್ಟಪ್ಪಣೆ ಮಾಡಿದ್ದಕ್ಕೆ ಬಾಬಣ್ಣ ಎರಡು ದಿನ ಯಾರ ಹತ್ರವೂ ಮಾತಾಡ್ಲಿಲ್ಲ. ಮೂರನೇ ದಿನ ಸರ್ ತಟ್ಟೆಯಲ್ಲೇ ಕಾಯಿಹಾಲು ಕಂಡಿತು.

ಪ್ರಮೋಷನ್ ವಿಷಯ ಹೇಳ್ಲಿಕ್ಕೆ ಹೆಚ್ಚೆಂತ ಇಲ್ಲ. ಸಮಾರೋಪದ ದಿನ ಡ್ರ್ಯಾಗನ್ ಕುಣಿತ ಇರ್ತದೆ. ಅಡಿಕೆ ಹಾಳೆಯ ತಲೆ, ಕೆಂಪು ಸೀರೆಯ ಮೈ, ಒಳಗೆ ನಾವು. ಮೊದಲ ವರ್ಷ ನಾನು ಬಾಲ. ಮೂರನೇ ವರ್ಷಕ್ಕೆ ಹೊಟ್ಟೆಗೆ ಬಂದೆ. ತಲೆ ಯಾವಾಗಲೂ ಸರ್ ತಂಗಿ ಮಗನಿಗೇ. ಇದರ ಮೇಲೆ ನಾನು ಹೆಚ್ಚು ಬರೆಯುದಿಲ್ಲ.

ಕಲಿಸುವ ಕ್ರಮ ವರ್ಷಕ್ಕೊಂದು. ಮೊದಲ ವರ್ಷ ಬ್ರಷ್ಷಿನಲ್ಲಿ ಅಕ್ಷರ ಬರೆಸುದು. ಹಾಸ್ಟೆಲಿನ ಗೋಡೆ, ಹಾಸಿಗೆ, ಬಾಬಣ್ಣನ ಬೆಕ್ಕು ಎಲ್ಲ ಕಪ್ಪಾಯ್ತು. ಎರಡನೇ ವರ್ಷ ಮೊಬೈಲ್ ಆ್ಯಪ್. ಅಲ್ಲಿ ನೆಟ್‌ವರ್ಕ್ ಸಿಗುದು ನೀರಿನ ಟ್ಯಾಂಕಿಯ ಮೇಲೆ ಮಾತ್ರ. ಮಕ್ಕಳು ಏಣಿಯಲ್ಲಿ ಸಾಲಾಗಿ ಹತ್ತಿ ಒಂದೊಂದು ಶಬ್ದ ಕಲಿತು ಇಳಿಯುದು. ಒಬ್ಬ ಬಿದ್ದ. ಹುಲ್ಲಿನ ರಾಶಿಯ ಮೇಲೆ ಬಿದ್ದದ್ದು, ಎಂತದೂ ಆಗ್ಲಿಲ್ಲ. ಆದ್ರೂ ಆ್ಯಪ್ ಅಲ್ಲಿಗೆ ನಿಂತಿತು.

ಮೂರನೇ ವರ್ಷ ಸರ್ ಹೊಸ ಕ್ರಮ ತಂದ್ರು. ಗೇಟಿನೊಳಗೆ ಕಾಲಿಟ್ಟ ಮೇಲೆ ಮ್ಯಾಂಡರಿನ್ ಮಾತ್ರ. ಕನ್ನಡ, ತುಳು, ಬ್ಯಾರಿ, ಇಂಗ್ಲಿಷ್ ಯಾವುದೂ ಇಲ್ಲ. ಬೇರೆ ಭಾಷೆ ಕಿವಿಗೆ ಬಿದ್ದ ಕೂಡ್ಲೆ ವಿಸಿಲ್ ಊದುದು ನನ್ನ ಕೆಲಸ. ಇನ್ನು ನೀವೇ ಯೋಚನೆ ಮಾಡಿ. ಬಂದ ಮಕ್ಕಳಿಗೆ ಗೊತ್ತಿರುದು "ನೀ ಹಾವ್", ಅಂದ್ರೆ ನಮಸ್ಕಾರ, ಅದೊಂದೇ. ಅದನ್ನು ಎಷ್ಟು ಸಲ ಹೇಳ್ಲಿಕ್ಕೆ ಆಗ್ತದೆ? ಎರಡನೇ ದಿನಕ್ಕೆ ಇಡೀ ಹಾಸ್ಟೆಲ್ ಸ್ತಬ್ಧ. ಸಾಂಬಾರಿಗೆ ಉಪ್ಪು ಬೇಕಾದ್ರೆ ಕೈಸನ್ನೆ, ಹೊಟ್ಟೆ ನೋವು ಬಂದ್ರೆ ನೆಲದ ಮೇಲೆ ಹೊರಳಿ ತೋರಿಸುದು. ಆಚೆ ಮನೆಯ ಭಟ್ರು ಬೇಲಿಯ ಹತ್ರ ಬಂದು, "ಮೌನ ವ್ರತದ ಶಿಬಿರವಾ? ನಮ್ಮ ಸೊಸೆಯನ್ನು ಸೇರಿಸ್ಬಹುದಾ?" ಕೇಳಿದ್ರು. ಸತ್ಯವಾಗಿ ಹೇಳ್ತೇನೆ, ಆ ಬೇಸಿಗೆಯಷ್ಟು ನಾನು ಯಾವತ್ತೂ ಸುಸ್ತಾಗಿಲ್ಲ. ಗಲಾಟೆ ಮಾಡುವ ಮಕ್ಕಳನ್ನು ಕಾಯ್ಬಹುದು. ಮಾತಾಡ್ಲಿಕ್ಕೆ ಆಗದೆ ನಿಮ್ಮನ್ನೇ ನೋಡ್ತಾ ಕೂತ ಮಕ್ಕಳನ್ನು ದಿನವಿಡೀ ಕಾಯುದು ಬೇರೆಯೇ ಕೆಲಸ.

ಆ ವರ್ಷ ಬಂದವನು ಝಯಾನ್.

ಅವತ್ತು ಪುತ್ತೂರು ಕಡೆಯಿಂದ ಬಂದ ರೈಲಿನಲ್ಲಿ ಒಬ್ಬರು ಬ್ಯಾರ್ತಿ ಅಜ್ಜಿ, ಬ್ಯಾರಿ ಭಾಷೆಯ ಮುಸ್ಲಿಂ ಹೆಂಗಸು, ಇಳಿದ್ರು. ಒಂದು ಕೈಯಲ್ಲಿ ಟ್ರಂಕ್, ಇನ್ನೊಂದರಲ್ಲಿ ಒಂಬತ್ತು ವರ್ಷದ ಹುಡುಗ. ಹುಡುಗ ನನ್ನೆದುರು ಬಂದು ನಿಂತು ಬೋರ್ಡನ್ನು ನೋಡಿದ, ನನ್ನನ್ನು ನೋಡಿದ. ಮತ್ತೆ ನನ್ನ ಕೈಯಿಂದ ಬೋರ್ಡ್ ತಗೊಂಡು, ತಿರುಗಿಸಿ, ವಾಪಸ್ ಕೊಟ್ಟ. ಮೂರು ವರ್ಷದಿಂದ ನಾನು ಅದನ್ನು ತಲೆಕೆಳಗೆ ಹಿಡೀತಾ ಇದ್ದದ್ದು. ಅಷ್ಟೂ ವರ್ಷದಲ್ಲಿ ಒಬ್ಬ ಪ್ರಯಾಣಿಕ, ಒಬ್ಬ ಪೋರ್ಟರ್, ಸ್ವತಃ ಸ್ಟೇಷನ್ ಮಾಸ್ಟರ್ ಎಂತದೂ ಹೇಳಿರ್ಲಿಲ್ಲ.

ಅಜ್ಜಿಯನ್ನು ಅವನು ಕರೆಯುದು ಉಮ್ಮಾಮ ಅಂತ, ಹಾಗಾಗಿ ನಾನೂ ಹಾಗೇ ಕರೆದೆ. ಆಟೋದಲ್ಲಿ ಅವರೇ ಎಲ್ಲ ಹೇಳಿದ್ರು. ಹುಡುಗ ಹುಟ್ಟಿ ಬೆಳೆದದ್ದು ಚೀನಾದಲ್ಲಿ. ಅವನ ಬಾಪ, ಉಮ್ಮಾಮನ ಮಗ ಅದ್ದುಚ್ಚ, ಅಲ್ಲಿಂದ ಸಾಮಾನು ಕಳಿಸುವ ವ್ಯಾಪಾರದಲ್ಲಿದ್ದವರು. ವ್ಯಾಪಾರ ಮುಚ್ಚಿತು, ಅವರು ಶಾರ್ಜಾಕ್ಕೆ ಹೋದ್ರು, ತಾಯಿ ಇಲ್ಲದ ಹುಡುಗ ಪುತ್ತೂರಿಗೆ ಬಂದ. ಬಂದ ಮೇಲೆ ಬಾಪನ ಆರ್ಡರ್ ಆಯ್ತು: ಇನ್ನು ಮನೆಯಲ್ಲಿ ಬ್ಯಾರಿ, ಹೊರಗೆ ಕನ್ನಡ, ಚೈನೀಸ್ ಬಂದ್. ದಿನಾ ಸಂಜೆ ವೀಡಿಯೋ ಕಾಲಿನಲ್ಲಿ ಪರೀಕ್ಷೆ. ಹುಡುಗ ಬಾಯಿ ಮುಚ್ಚಿದವನು ಮತ್ತೆ ತೆಗೀಲಿಲ್ಲ.

"ಜೂನಿಗೆ ಮೊದಲು ಇವನು ಮಾತಾಡದಿದ್ರೆ ಅದ್ದು ಇವನನ್ನು ಊಟಿ ಕಡೆ ಯಾವುದೋ ಹಾಸ್ಟೆಲಿಗೆ ಹಾಕ್ತಾನಂತೆ ಮೋನೆ. ಅಲ್ಲಿ ಹೊಡೆದು ಬಡಿದು ಮಾತಾಡಿಸ್ತಾರಂತೆ," ಹೇಳಿದ್ರು ಉಮ್ಮಾಮ. ಮೋನೆ ಅಂದ್ರೆ ಮಗನೇ ಅಂತ.

"ಹಾಗಾದ್ರೆ ಇಲ್ಲಿಗೆ ಯಾಕೆ ತಂದದ್ದು? ಇಲ್ಲಿ ಕಲಿಸುದು ಚೈನೀಸ್ ಅಲ್ವಾ?"

"ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಫ್ಲೆಕ್ಸ್ ಇತ್ತು. ಅದರ ಅಕ್ಷರ ನೋಡಿ ಇವನು ಅಲ್ಲೇ ನಿಂತ. ಕೈ ಹಿಡಿದು ಎಳೆದ್ರೂ ಬರ್ಲಿಲ್ಲ. ಸರಿ, ಒಂದಷ್ಟು ದಿನ ಅಲ್ಲಾದ್ರೂ ಇರ್ಲಿ ಅಂತ. ನೀನೊಂದು ನಾಲ್ಕು ಮಾತು ಕನ್ನಡ ಆಡಿಸು ಮೋನೆ. ಅದ್ದುವಿಗೆ ತೋರಿಸ್ಲಿಕ್ಕೆ ಅಷ್ಟು ಸಾಕು."

ಕನ್ನಡ ಕೇಳಿದ್ರೆ ವಿಸಿಲ್ ಊದ್ಬೇಕಾದವನ ಹತ್ರ ಕೇಳಿದ್ದು ಇದು.

ಮೊದಲ ಕ್ಲಾಸಿನಲ್ಲಿ ಸರ್ ಎಲ್ಲರ ಹತ್ರ ಹೆಸರು ಕೇಳಿದ್ರು. ಝಯಾನ್ ಎದ್ದು ನಿಂತು ಹೇಳಿದ. ಹೆಸರು ಮಾತ್ರ ಅಲ್ಲ, ಸುಮಾರು ಉದ್ದ ಹೇಳಿದ, ರೈಲು ಹೋದ ಹಾಗೆ. ಕೊನೆಗೆ ಒಂದು ಪ್ರಶ್ನೆಯನ್ನೂ ಕೇಳಿದ. ಸರ್‌ಗೆ ಬರುದು ಫ್ಯಾಕ್ಟರಿಯ ಮ್ಯಾಂಡರಿನ್: ಈ ಟೈಲ್ಸ್ ಒಡೆದಿದೆ, ಕಂಟೇನರ್ ಯಾವಾಗ ಬರ್ತದೆ, ರೇಟ್ ಕಡಿಮೆ ಮಾಡಿ. ಅದರಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಉತ್ತರ ಕೊಡುದು ಹೇಗೆ? "ವೆರಿ ಗುಡ್, ಕೂತ್ಕೋ," ಹೇಳಿದ್ರು. ವೆರಿ ಗುಡ್ ಇಂಗ್ಲಿಷ್. ನಿಯಮ ಪ್ರಕಾರ ಸರ್‌ಗೆ ವಿಸಿಲ್ ಊದ್ಬೇಕಿತ್ತು, ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮತ್ತೆ ಸರ್ ಅವನನ್ನು ಎಬ್ಬಿಸ್ಲಿಲ್ಲ, ಅವನೂ ಏಳ್ಲಿಲ್ಲ.

ನಾನು ಅವನಿಗೆ ಕನ್ನಡ ಕಲಿಸ್ಲಿಕ್ಕೆ ಹೊರಟದ್ದು ಬಾವಿಯ ಹಿಂದೆ. ನನ್ನ ವಿಸಿಲ್ ನನಗೇ ಕೇಳದ ಜಾಗ. "ಹೇಳು: ಎಂತ ಮಾರಾಯ." ಅವನು ನನ್ನ ಬಾಯಿ ನೋಡಿದ. "ಊಟ ಆಯ್ತಾ." ಬಾಯಿ ನೋಡಿದ. ನಾನು ಅಭಿನಯ ಮಾಡಿ ತೋರಿಸಿದೆ, ಹಾಡಿದೆ, ಕುಣಿದೆ. ಬಾಬಣ್ಣ ಅಡಿಗೆಮನೆ ಕಿಟಕಿಯಿಂದ, "ನಿನಗೆ ಎಂತಾದ್ರೂ ಮೈಮೇಲೆ ಬಂದಿದೆಯಾ?" ತುಳುವಿನಲ್ಲಿ ಕೇಳಿದ್ರು. "ಇಲ್ಲ ಬಾಬಣ್ಣ, ಪಾಠ," ಕನ್ನಡದಲ್ಲಿ ಹೇಳಿದೆ. ಹುಡುಗ ನಮ್ಮಿಬ್ಬರನ್ನೂ ಸರದಿಯಲ್ಲಿ ನೋಡಿ, ಮೆಲ್ಲ ಎದ್ದು ಹೋದ. ಎಲ್ಲ ದಿನ ಇದೇ ಕಥೆ.

ಆದಿತ್ಯವಾರ ಮನೆಯವರು ನೋಡ್ಲಿಕ್ಕೆ ಬರುವ ದಿನ. ಗೇಟಿನ ಹತ್ರ ಮಾವಿನ ಮರದ ಕೆಳಗೆ ಬೆಂಚು. ಅಲ್ಲೂ ಮಕ್ಕಳು ಮ್ಯಾಂಡರಿನ್ನೇ ಆಡ್ಬೇಕು ಅಂತ ಸರ್ ಹಟ, ತಂದೆ ತಾಯಿಗೆ ಖುಷಿ ಆಗ್ಬೇಕಲ್ಲ. ಮಕ್ಕಳು ಬೊಂಬೆಯ ಹಾಗೆ ಕೂತಿರುದು, ತಾಯಂದಿರು "ಎಷ್ಟು ಡೀಸೆಂಟ್ ಆಗಿದ್ದಾನೆ ನೋಡಿ" ಅಂತ ಕಣ್ಣೊರಸಿಕೊಳ್ಳುದು. ಮಾತು ಇದ್ದದ್ದು ಒಂದೇ ಬೆಂಚಿನಲ್ಲಿ. ಉಮ್ಮಾಮ ಅಕ್ಕಿಯ ಉಂಡೆ ಪುಂಡಿಯ ಡಬ್ಬಿ ತೆಗೆದು ಬ್ಯಾರಿಯಲ್ಲಿ ಶುರು ಮಾಡುದು: ತಲೆಗೆ ಎಣ್ಣೆ ಹಾಕ್ತಿಯಾ, ರಾತ್ರಿ ಸೊಳ್ಳೆ ಉಂಟಾ, ಇಷ್ಟೇ ಯಾಕೆ ತಿನ್ನುದು. ಝಯಾನ್ ಬಾಯಿ ತುಂಬ ಪುಂಡಿ ಇಟ್ಕೊಂಡು ಮ್ಯಾಂಡರಿನ್ನಿನಲ್ಲಿ ಉತ್ತರ ಕೊಡುದು. ಅವರು ಬೈಯುದು, ಅವನು ವಾದ ಮಾಡುದು. ಅವರು ನಗುದು, ಅವನು ಇನ್ನೂ ಜೋರು ಹೇಳುದು. ಅವನು ಕೂಸು ಇರುವಾಗಿಂದ ಫೋನಿನಲ್ಲಿ ಇವರದ್ದು ಹೀಗೇ ನಡೆದು ಬಂದದ್ದಂತೆ.

ನಾನು ಅಲ್ಲೇ ಸ್ಟೂಲಿನಲ್ಲಿ ಕೂತು ನೋಡ್ತಾ ಇದ್ದೆ. ನನಗೆ ಅದರಲ್ಲಿ ವಿಶೇಷ ಎಂತದೂ ಕಾಣ್ಲಿಲ್ಲ. ನೀವು ಕಡಬದ ಮೀನು ಮಾರ್ಕೆಟಿಗೆ ಹೋಗಿ ನೋಡಿ. ಅಪ್ಪ ತುಳುವಿನಲ್ಲಿ ರೇಟ್ ಕೇಳುದು, ಮೀನಿನವರು ಬ್ಯಾರಿಯಲ್ಲಿ ಹೇಳುದು, ಪಕ್ಕದಲ್ಲಿ ನಿಂತವರು ಮಲಯಾಳದಲ್ಲಿ ಬಾಯಿ ಹಾಕುದು. ನಮ್ಮ ಮನೆಗೆ ಸುಳ್ಯದ ಅತ್ತೆ ಬಂದ್ರೆ ಅವರು ಅರೆಭಾಷೆ, ಅಮ್ಮ ಕನ್ನಡ, ಸಂಜೆವರೆಗೆ ಜಗಳ. ಯಾರೂ ಯಾರ ಭಾಷೆಗೂ ಇಳಿಯುದಿಲ್ಲ, ಯಾರಿಗೂ ಎಂತದೂ ಬಿಟ್ಟುಹೋಗುದಿಲ್ಲ. ಉಮ್ಮಾಮನಿಗೂ ಅದು ದೊಡ್ಡ ವಿಷಯ ಅಲ್ಲ. ಹೋಗುವಾಗ ಪ್ರತೀ ಸಲ ನನ್ನ ಹತ್ರ ಬಂದು ಕೇಳುದು, "ಮಾತಾಡಿದನಾ ಮೋನೆ?" ನಾನು ತಲೆ ಅಲ್ಲಾಡಿಸುದು. ಇಬ್ಬರೂ ಬೇಜಾರಿನಲ್ಲಿ ನಿಲ್ಲುದು. ಅವರು ಈಗಷ್ಟೇ ಅರ್ಧ ದಿನ ಅವನ ಹತ್ರ ಮಾತಾಡಿ ಎದ್ದು ಬಂದವರು!

ಸಂಜೆ ಶಾರ್ಜಾದಿಂದ ಅದ್ದುಚ್ಚನ ಫೋನ್. ಸರ್ ಅದನ್ನು ನನ್ನ ಕೈಗೆ ಕೊಟ್ಟು ಬಾತ್‌ರೂಮಿಗೆ ಹೋಗುದು.

"ಬ್ಯಾರಿ ಒಂದು ಶಬ್ದ ಹೇಳಿದನಾ?"

"ಇಲ್ಲ."

"ಕನ್ನಡ?"

"ಇಲ್ಲ."

"ಆಯ್ತು," ಹೇಳಿ ಇಡುದು. ಕೊನೆಯ ಸಲ ಮಾತ್ರ, "ಸಮಾರೋಪಕ್ಕೆ ನಾನೇ ಬರ್ತೇನೆ. ಅವತ್ತು ಅಲ್ಲಿಂದಲೇ ಕರ್ಕೊಂಡು ಹೋಗುದು," ಹೇಳಿದ್ರು. ಆ ಸ್ವರದಲ್ಲಿ ಸಿಟ್ಟಿದ್ರೆ ನನಗೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ. ಅವರಿಗೂ ಸುಸ್ತಾಗಿತ್ತು.

ಸಮಾರೋಪದ ದಿನ ಶಾಮಿಯಾನ, ಅಪ್ಪನ ಮೈಕ್, ಕೆಂಪು ಬಲೂನು, ಎಲ್ಲ ಊರಿನ ಅಜ್ಜಿಯಂದಿರು. ಡ್ರ್ಯಾಗನ್ ಕುಣಿಯಿತು. ಹೊಟ್ಟೆಯಲ್ಲಿ ನಾನು, ನನ್ನ ಹಿಂದೆ ಝಯಾನ್. ಬಾಗಿಲಲ್ಲಿ ತಲೆ ಎಡಕ್ಕೆ ಹೋಯ್ತು, ಬಾಲ ಬಲಕ್ಕೆ ಹೋಯ್ತು, ಹೊಟ್ಟೆ ಕಂಬಕ್ಕೆ ಸುತ್ತಿಕೊಂಡಿತು. ಬಿಡಿಸ್ಲಿಕ್ಕೆ ನಾನು ಎಳೆದದ್ದು ಸೀರೆ ಅಂತ ಅಂದ್ಕೊಂಡು. ಅದು ಝಯಾನನ ಅಂಗಿ ಆಗಿತ್ತು.

ಮತ್ತೆ ಸರ್ ಮೈಕ್ ಹಿಡಿದ್ರು. ಮುಂದಿನ ವರ್ಷಕ್ಕೆ ಮಕ್ಕಳು ಸೇರ್ಬೇಕಲ್ಲ, ಅವರ ಹತ್ರ ಒಂದು ಉಪಾಯ ಇತ್ತು. ಝಯಾನನನ್ನು ಸ್ಟೇಜಿಗೆ ಕರೆದ್ರು. "ಈ ಮಗು ಇಲ್ಲಿಗೆ ಬರುವಾಗ ಬಾಯಿಯೇ ಬಿಡ್ತಾ ಇರ್ಲಿಲ್ಲ. ಇವತ್ತು ಇವನ ಮ್ಯಾಂಡರಿನ್ ಕೇಳಿ!" ಒಂದು ಶಬ್ದವೂ ಸುಳ್ಳಲ್ಲ, ನೋಡಿ. ದೊಡ್ಡವರ ಹತ್ರ ಕಲೀಲಿಕ್ಕೆ ತುಂಬ ಉಂಟು.

ಹುಡುಗ ಮೈಕಿನ ಮುಂದೆ ನಿಂತ. ಗಂಡಸರ ಸಾಲಿನಲ್ಲಿ ಅವನ ಬಾಪ ಕೂತಿದ್ರು. ಬಿಳಿ ಅಂಗಿ, ವಿಮಾನದ ನಿದ್ದೆಗೆಟ್ಟ ಕಣ್ಣು. ಅವರನ್ನು ಕಂಡದ್ದೇ ತಡ ಹುಡುಗನ ಬಾಯಿ ಮುಚ್ಚಿತು. ಸರ್ "ನೀ ಹಾವ್, ನೀ ಹಾವ್" ಪಿಸುಗುಟ್ಟಿದ್ರು. ಇಲ್ಲ. ನಮ್ಮ ಅಪ್ಪನ ಮೈಕ್ ಕುಯ್ಯೋ ಅಂತು. ಅದ್ದುಚ್ಚ ತಲೆ ತಗ್ಗಿಸಿದ್ರು.

ಆಗ ಹೆಂಗಸರ ಬದಿಯಿಂದ ಉಮ್ಮಾಮ ಎದ್ದು ನಿಂತು, ಬಸ್ಸಿನ ಕಿಟಕಿಯಿಂದ ಕರೆಯುವ ಹಾಗೆ ಬ್ಯಾರಿಯಲ್ಲಿ ಕೂಗಿದ್ರು. "ಅಂಗಿಯ ಬಟನ್ ಎಲ್ಲಿ?"

ಝಯಾನ್ ಕೆಳಗೆ ನೋಡ್ಕೊಂಡ. ಮೈಕಿನಲ್ಲೇ ಮ್ಯಾಂಡರಿನ್ನಿನಲ್ಲಿ ಎಂತದೋ ಹೇಳಿ ನೇರ ನನ್ನ ಕಡೆ ಬೆರಳು ತೋರಿಸಿದ.

"ಅವನಾ? ಅಷ್ಟು ದೊಡ್ಡವನು! ನೀನು ಸುಮ್ಮನೆ ಬಿಟ್ಟಿಯಾ?"

ಹುಡುಗ ವಿವರಿಸ್ಲಿಕ್ಕೆ ಶುರು ಮಾಡಿದ. ಡ್ರ್ಯಾಗನ್ ಹೇಗೆ ಸಿಕ್ಕಿಬಿತ್ತು, ಕಂಬ ಎಲ್ಲಿತ್ತು, ನಾನು ಹೇಗೆ ಎಳೆದೆ ಅಂತ ಕೈಯಲ್ಲಿ ಮಾಡಿ ತೋರಿಸಿದ. ನಾನು ಎಳೆದದ್ದಕ್ಕಿಂತ ಎಷ್ಟೋ ಜೋರಾಗಿ. ಉಮ್ಮಾಮ ನಡುನಡುವೆ ಕೇಳ್ತಾ ಹೋದ್ರು, ಅವನು ಹೇಳ್ತಾ ಹೋದ. ಸಭೆಯಲ್ಲಿ ಬ್ಯಾರಿ ಬರುವವರಿಗೆ ಪ್ರಶ್ನೆ ಅರ್ಥ ಆಯ್ತು, ಉತ್ತರ ಯಾರಿಗೂ ಇಲ್ಲ. ಆದ್ರೂ ಎಲ್ಲರೂ ನಗ್ತಾ ಇದ್ದಾರೆ. ಅವರಿಬ್ಬರನ್ನು ಬಿಟ್ರೆ ಎರಡೂ ಅರ್ಥ ಆಗ್ತಿದ್ದದ್ದು ಒಬ್ಬರಿಗೇ. ಅದ್ದುಚ್ಚ ತಲೆ ಎತ್ತಿ ಒಮ್ಮೆ ತಾಯಿಯನ್ನು, ಒಮ್ಮೆ ಮಗನನ್ನು ನೋಡ್ತಾ ಇದ್ರು.

ಉಮ್ಮಾಮನಿಗೆ ಸಭೆ ಇದ್ದದ್ದೇ ಮರೆತುಹೋಗಿತ್ತು ಕಾಣ್ತದೆ. "ನಿನ್ನ ಬಾಪ ಇವತ್ತು ಹಾಸ್ಟೆಲಿಗೆ ಬಿಡ್ಲಿಕ್ಕೆ ಬಂದದ್ದು. ಹೋಗ್ತಿಯಾ?" ಕೇಳಿದ್ರು.

ನಗು ನಿಂತಿತು. ಝಯಾನ್ ಮೈಕಿನ ಕಂಬ ಹಿಡ್ಕೊಂಡು ಸಣ್ಣದೊಂದು ಮಾತು ಹೇಳಿದ. ಉಮ್ಮಾಮ ಕುರ್ಚಿಯಲ್ಲಿ ಕೂತ್ಕೊಂಡ್ರು.

"ಎಂತ ಹೇಳಿದ್ದು ಮಾರಾಯ್ರೆ?" ಹಿಂದಿನಿಂದ ಬಾಬಣ್ಣ ಕೇಳಿದ್ರು.

ಅದ್ದುಚ್ಚ ಎದ್ದು ನಿಂತ್ರು. "ಅಲ್ಲಿ ನಾನು ಯಾರ ಹತ್ರ ಮಾತಾಡುದು ಅಂತ ಕೇಳ್ತಾನೆ," ಹೇಳಿದ್ರು.

ಸರ್ "ವೆರಿ ಗುಡ್!" ಹೇಳಿ ಚಪ್ಪಾಳೆ ತಟ್ಟಿದ್ರು. ಬೇರೆ ಯಾರೂ ತಟ್ಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ನಾನು ಟ್ರಂಕನ್ನು ಗೇಟಿಗೆ ಹೊತ್ತುಕೊಂಡು ಹೋದೆ. ಉಮ್ಮಾಮ, ಹುಡುಗ ಇಬ್ಬರೂ ಆಗಲೇ ಕಾರಿನಲ್ಲಿ ಕೂತಿದ್ರು. ಅದ್ದುಚ್ಚ ಡಿಕ್ಕಿಯ ಹತ್ರ ನನಗೆ ಅಡ್ಡ ನಿಂತ್ರು. ಈಗ ಬಟನಿನ ವಿಷಯಕ್ಕೆ ಪೆಟ್ಟು ಬೀಳ್ತದೆ ಅಂತ ನಾನು ಟ್ರಂಕನ್ನು ಎದೆಗೆ ಹಿಡಿದೆ.

"ಇವರಿಬ್ರು ಯಾವಾಗಿಂದ ಹೀಗೆ?"

"ಮೊದಲ ಆದಿತ್ಯವಾರದಿಂದ. ಅವನು ಕೂಸು ಇರುವಾಗಿಂದಲೂ ಫೋನಿನಲ್ಲಿ ಹೀಗೇ ಅಂತೆ."

"ಮತ್ತೆ ನಾನು ಪ್ರತೀ ವಾರ ಫೋನ್ ಮಾಡಿ ಕೇಳಿದಾಗ ಇಲ್ಲ, ಇಲ್ಲ ಹೇಳಿದ್ದು ನೀನಲ್ವ?"

"ನೀವು ಕೇಳಿದ್ದು ಬ್ಯಾರಿ ಮಾತಾಡಿದನಾ, ಕನ್ನಡ ಮಾತಾಡಿದನಾ ಅಂತ ಅದ್ದುಚ್ಚ. ಮಾತಾಡಿದನಾ ಅಂತ ಕೇಳ್ಲಿಲ್ಲ."

ಅವರು ನನ್ನನ್ನೇ ನೋಡಿದ್ರು. ನಾನು ಮೂರು ಬೇಸಿಗೆಯಲ್ಲಿ ಹೇಳಿದ ಸಾವಿರ ಜೋಕಿಗೆ ಯಾರೂ ಅಷ್ಟು ಹೊತ್ತು ನನ್ನನ್ನು ನೋಡಿದ್ದಿಲ್ಲ. ಮತ್ತೆ ನನ್ನ ಕೈಯಿಂದ ಟ್ರಂಕ್ ತಗೊಂಡು ತಾವೇ ಡಿಕ್ಕಿಗೆ ಇಟ್ರು.

"ಪುತ್ತೂರಿನಲ್ಲಿ ಯಾವ ಶಾಲೆ ಒಳ್ಳೇದುಂಟು?" ಕೇಳಿದ್ರು.

"ಮೌನಕ್ಕೆ ಮಾರ್ಕ್ಸ್ ಕೊಡದ್ದು ಯಾವುದಾದ್ರೂ ಆಗ್ತದೆ," ಹೇಳಿದೆ. ನನ್ನ ಬಾಯಿಗೆ ಒಳ್ಳೇ ಸಮಯ ಅಂತ ಒಂದಿಲ್ಲ. ಅವರು ನಕ್ಕರು, ಜೋರಾಗಿ ಅಲ್ಲ, ಭಾರ ಹೊತ್ತು ಬಂದವನು ಜಗಲಿಯಲ್ಲಿ ಕೂತಾಗ ಉಸಿರು ಬಿಡ್ತಾನಲ್ಲ, ಹಾಗೆ.

ಕಾರಿನ ಒಳಗಿಂದ ಕರೆ ಬಂತು. ಉಮ್ಮಾಮ ಬ್ಯಾರಿಯಲ್ಲಿ, ಝಯಾನ್ ಮ್ಯಾಂಡರಿನ್ನಿನಲ್ಲಿ, ಒಟ್ಟಿಗೆ. ಸೆಕೆ ಆಗ್ತದೆ, ಬೇಗ ಬಾ ಅಂತ ಇರ್ಬೇಕು.

ಅದ್ದುಚ್ಚ "ಬಂದೆ" ಹೇಳಿ ಓಡಿದ್ರು. ಅದನ್ನು ಯಾವ ಭಾಷೆಯಲ್ಲಿ ಹೇಳಿದ್ರು ಅಂತ ನಾನು ಗಮನಿಸ್ಲಿಲ್ಲ.